ಬಾಗಿ ನೋಡಿದಾಗ ತಿಳಿಯುವ ಅಳತೆ

ಓದುಗರ ಪ್ರಶ್ನೆ, ಟೈಲರ್ ಮಾಸ್ಟರ್ ಉತ್ತರ

ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವ ಪತ್ರಗಳು ರವಿಕೆಯ ಕುತ್ತಿಗೆ, ಚೂಡಿದಾರದ ತೋಳು, ಮಕ್ಕಳ ಸಮವಸ್ತ್ರ ಇವುಗಳ ಬಗ್ಗೆ. ಈ ಸಲ ರಂಜಾನ್ ಹತ್ತಿರ ಬರುತ್ತಿರುವುದರಿಂದಲೋ ಏನೋ, ಮುಸ್ಲಿಂ ಗಂಡಸರ ಉಡುಪಿನ ಬಗ್ಗೆಯೇ ರಾಶಿ ಪತ್ರಗಳು ಬಂದಿವೆ. ಮಂಗಳೂರಿನ ಬಂದರಿನಲ್ಲಿ ನಲವತ್ತೊಂದು ವರ್ಷಗಳಿಂದ ಹೊಲಿಗೆ ಯಂತ್ರದ ಮುಂದೆ ಕುಳಿತವನು ನಾನು. ತಂದೆಯೂ ಇದೇ ಅಂಗಡಿಯಲ್ಲಿ ಕತ್ತರಿ ಹಿಡಿದವರು. ಧರ್ಮದ ತೀರ್ಪು ಬೇಕಾದವರು ತಮ್ಮ ಮೊಹಲ್ಲಾದ ಖತೀಬರನ್ನು, ಅಂದರೆ ಮಸೀದಿಯ ಧರ್ಮಗುರುಗಳನ್ನು, ಕೇಳಬೇಕು. ಬಟ್ಟೆಯ ವಿಷಯದಲ್ಲಿ ಹಿರಿಯರಿಂದ ಕೇಳಿದ್ದನ್ನು, ಕೈಯಾರೆ ಹೊಲಿದು ಕಲಿತದ್ದನ್ನು ನಾನು ಹೇಳಬಲ್ಲೆ.

ಮಾಸ್ಟರೇ, ಕಳೆದ ಪೆರ್ನಾಲ್ ಹಬ್ಬಕ್ಕೆ ಕುರ್ತಾ ಹೊಲಿಸಿದ್ದೆ. ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ನಮಾಝಿಗೆ ನಿಂತರೆ ಮಾತ್ರ ಕಂಕುಳು ಬಿಗಿಯುತ್ತದೆ, ಬೆನ್ನು ಎಳೆಯುತ್ತದೆ, ಸುಜೂದ್‌ಗೆ, ಅಂದರೆ ಹಣೆ ನೆಲಕ್ಕಿಡಲು, ಹೋದಾಗ ಹಿಂಭಾಗ ಮೇಲೇರುತ್ತದೆ. ಹೊಲಿದವರನ್ನು ಕೇಳಿದರೆ ಈಗಿನ ಕಟ್ ಹೀಗೆಯೇ ಎನ್ನುತ್ತಾರೆ. ಹಳೆಯ ಕುರ್ತಾದಲ್ಲಿ ಈ ತೊಂದರೆ ಇರಲಿಲ್ಲವೇ? – ಸುರತ್ಕಲ್‌ನ ಎಂಜಿನಿಯರ್

ಇರಲಿಲ್ಲ. ಯಾಕೆ ಇರಲಿಲ್ಲ ಎಂದು ತಿಳಿಯಲು ಹಳೆಯ ಕುರ್ತಾವೊಂದರ ಹೊಲಿಗೆ ಬಿಚ್ಚಿ ಮೇಜಿನ ಮೇಲೆ ಹರಡಬೇಕು. ಮುಂದೆ ಒಂದು, ಹಿಂದೆ ಒಂದು ನೇರವಾದ ತುಂಡು. ಎರಡೂ ಪಕ್ಕಕ್ಕೆ 'ಕಲಿ' ಎಂಬ ಉದ್ದನೆಯ ತುಂಡುಗಳು, ಮೇಲೆ ಕಿರಿದು, ಕೆಳಗೆ ಅಗಲ. ತೋಳು ಕೂಡ ನೇರ ತುಂಡೇ. ತೋಳು ಮತ್ತು ಕಲಿ ಸೇರುವ ಕಂಕುಳಿನಲ್ಲಿ ಅಂಗೈಯಷ್ಟು ಅಗಲದ ಚೌಕದ ತುಂಡೊಂದನ್ನು ಓರೆಯಾಗಿ ಕೂರಿಸುತ್ತಿದ್ದರು. ಉತ್ತರದವರು ಅದನ್ನು ಚೌಬಗಲಾ ಎನ್ನುತ್ತಾರೆ, ನಮ್ಮ ಅಂಗಡಿಯಲ್ಲಿ ಕಂಕುಳ ತುಂಡು ಎಂದೇ ರೂಢಿ. ಕೈ ಎತ್ತಿದಾಗ ಆ ಚೌಕ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ, ಕೈ ಇಳಿಸಿದಾಗ ಮಡಚಿಕೊಂಡು ಮರೆಯಾಗುತ್ತದೆ. ಪಾಯಿಜಾಮದ ಕವಲಿನಲ್ಲಿಯೂ ಇಂಥದೇ ತುಂಡು ಇರುತ್ತಿತ್ತು, ಅದಕ್ಕೆ ಮಿಯಾನಿ ಎಂದು ಹೆಸರು. ಈ ಎರಡು ಪುಟ್ಟ ತುಂಡುಗಳನ್ನು ಬಿಟ್ಟು, ಬದಲಿಗೆ ಷರ್ಟಿನಂತೆ ತೋಳು ಕೂರುವ ಜಾಗವನ್ನು ಗುಂಡಗೆ ಕತ್ತರಿಸಿ ಹೊಲಿಯುವುದು ಈಗಿನ ಕ್ರಮ. ಕೆಲಸ ಬೇಗ ಮುಗಿಯುತ್ತದೆ. ಕಷ್ಟ ತೊಟ್ಟವರಿಗೆ.

ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಕೆಲಸಕ್ಕೆ ಕುಳಿತು ಮೂರನೆಯ ವರ್ಷ ಇರಬೇಕು. ಹಬ್ಬದ ಹಿಂದಿನ ರಾತ್ರಿ ಅವಸರದಲ್ಲಿ ಒಬ್ಬ ಹಿರಿಯರ ಕುರ್ತಾಕ್ಕೆ ಕಂಕುಳ ತುಂಡು ಹಾಕದೆ ಹೊಲಿದು ಕೊಟ್ಟೆ. ಬೆಳಿಗ್ಗೆ ಬಾವುಟಗುಡ್ಡೆಯ ಈದ್ಗಾದಲ್ಲಿ ಅವರು ನನ್ನ ಮುಂದಿನ ಸಾಲಿನಲ್ಲೇ ನಿಂತಿದ್ದರು. ಎರಡನೆಯ ರಕಅತ್‌ನಲ್ಲಿ, ಅಂದರೆ ನಮಾಝಿನ ಎರಡನೆಯ ಸುತ್ತಿನಲ್ಲಿ, ಅವರು ಸುಜೂದ್‌ಗೆ ಬಾಗಿದಾಗ ಬಟ್ಟೆ ಹರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಮಾಝ್ ಮುಗಿಸಿ ಅವರು ಎಲ್ಲರನ್ನೂ ಅಪ್ಪಿಕೊಂಡು ಹಬ್ಬದ ಶುಭಾಶಯ ಹೇಳುತ್ತಿದ್ದರು, ಎಡಗೈ ಮಾತ್ರ ಪಕ್ಕೆಗೆ ಒತ್ತಿಕೊಂಡೇ ಇತ್ತು. ಮರುದಿನ ಅಂಗಡಿಗೆ ಬಂದವರು ಬೈಯಲಿಲ್ಲ. ಕುರ್ತಾ ತಿರುವಿ ಹೊಲಿಗೆಯನ್ನು ನನ್ನ ಮುಂದೆ ಹಿಡಿದು, 'ನಿಂತಾಗ ನಿನ್ನ ಅಳತೆ ಸರಿಯೇ ಇತ್ತು ಮಗನೇ, ಬಾಗಿದಾಗ ತಪ್ಪಿತು' ಎಂದರು. ಅಂದಿನಿಂದ ನನ್ನ ಅಂಗಡಿಯಲ್ಲಿ ಯಾರೇ ಕುರ್ತಾ ತೊಟ್ಟು ನೋಡಲಿ, ಕನ್ನಡಿಯ ಮುಂದೆ ನಿಲ್ಲಿಸುವುದಕ್ಕಿಂತ ಮೊದಲು ಸೊಂಟ ಬಾಗಿಸಿ ರುಕೂ ಮಾಡಿಸುತ್ತೇನೆ, ಆಮೇಲೆ ನೆಲಕ್ಕೆ ಕೂರಿಸುತ್ತೇನೆ. ಚಾಪೆಯೊಂದು ಅದಕ್ಕೆಂದೇ ಇದೆ.

ನಿಮ್ಮ ಕುರ್ತಾ ಎಸೆಯಬೇಡಿ. ಕಂಕುಳಿನ ಹೊಲಿಗೆ ಬಿಚ್ಚಿಸಿ ನಾಲ್ಕು ಇಂಚಿನ ಚೌಕದ ತುಂಡು ಹಾಕಿಸಿಕೊಳ್ಳಿ. ಬಣ್ಣ ಸ್ವಲ್ಪ ಹೆಚ್ಚು ಕಡಿಮೆಯಾದರೂ ಹೊರಗೆ ಕಾಣುವುದಿಲ್ಲ. ಮುಂದೆ ಹೊಲಿಸುವಾಗ ಎದೆಯ ಸುತ್ತಳತೆಗೆ ಏಳೆಂಟು ಇಂಚು ಸಡಿಲ ಇರಲಿ. ಪಕ್ಕದ ಸೀಳು ಜೇಬಿನ ಮಟ್ಟಕ್ಕಿಂತ ಮೇಲೇರದಿರಲಿ. ಉದ್ದ ಮಂಡಿಯ ಆಸುಪಾಸು ಇದ್ದರೆ ಬಾಗಿದಾಗಲೂ ಸೊಂಟ ಮುಚ್ಚಿಯೇ ಇರುತ್ತದೆ.

ನಮ್ಮ ಮನೆಯಲ್ಲಿ ಉಡುಪಿನ ಬುದ್ಧಿವಾದವೆಲ್ಲ ಹೆಣ್ಣುಮಕ್ಕಳಿಗೆ. ತಮ್ಮ ಮಾತ್ರ ಸೊಂಟದಿಂದ ಜಾರುವ ಜೀನ್ಸ್ ತೊಟ್ಟು ಶುಕ್ರವಾರದ ಜುಮಾ ನಮಾಝಿಗೆ ಹೋಗುತ್ತಾನೆ, ತೊಡೆಯ ಅರ್ಧದವರೆಗಿನ ಚಡ್ಡಿಯಲ್ಲಿ ಮೈದಾನಕ್ಕೆ ಹೋಗುತ್ತಾನೆ. ಏನಾದರೂ ಹೇಳಿದರೆ 'ಗಂಡಸರಿಗೆ ಅದೆಲ್ಲ ಇಲ್ಲ' ಎನ್ನುತ್ತಾನೆ. ಇದು ನಿಜವೇ? – ದೇರಳಕಟ್ಟೆಯ ಓದುಗಾರ್ತಿ

ನಿಜವಲ್ಲ ತಂಗಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಂಥ ಮಾತನ್ನು ನನ್ನ ಅಂಗಡಿಯ ಬಾಗಿಲಲ್ಲಿ ತಾಯಂದಿರು ಎಷ್ಟೋ ಸಲ ಹೇಳಿ ಹೋಗಿದ್ದಾರೆ.

ಕುರ್‌ಆನಿನ 24ನೇ ಅಧ್ಯಾಯವಾದ ಅನ್ನೂರ್ ತೆಗೆದು ನೋಡಲು ಹೇಳಿ. ದೃಷ್ಟಿ ತಗ್ಗಿಸಿ, ಮಾನ ಕಾಪಾಡಿಕೊಳ್ಳಿ ಎಂಬ ಆಜ್ಞೆ 30ನೇ ವಚನದಲ್ಲಿ ಬರುತ್ತದೆ, ಅದು ಗಂಡಸರಿಗೆ. ಹೆಂಗಸರಿಗೆ ಹೇಳಿದ್ದು 31ರಲ್ಲಿ. ಮೊದಲು ಯಾರನ್ನು ಕರೆದು ಹೇಳಲಾಗಿದೆ ಎಂಬುದನ್ನು ಅವನೇ ಓದಿಕೊಳ್ಳಲಿ.

ಇನ್ನು ಬಟ್ಟೆಯ ಮಾತು. ಗಂಡಸು ಮುಚ್ಚಿಕೊಳ್ಳಲೇಬೇಕಾದ ಭಾಗಕ್ಕೆ ಔರತ್ ಎನ್ನುತ್ತಾರೆ. ಕರಾವಳಿಯ ಬ್ಯಾರಿ ಮುಸ್ಲಿಮರಲ್ಲಿ ಬಹುತೇಕರು ಶಾಫಿಈ ಎಂಬ ಧರ್ಮಶಾಸ್ತ್ರ ಕ್ರಮದವರು. ಆ ಕ್ರಮದಲ್ಲಿ ಹೊಕ್ಕುಳಿಗೂ ಮಂಡಿಗೂ ನಡುವಿನದು ಔರತ್. ನಮ್ಮೂರಿನ ಉರ್ದು ಮಾತಾಡುವ ಕುಟುಂಬಗಳಲ್ಲಿ ಹನಫಿ ಕ್ರಮ ಹೆಚ್ಚು, ಅದರಲ್ಲಿ ಮಂಡಿಯೂ ಸೇರುತ್ತದೆ. ಇಷ್ಟು ಭಾಗ ನಮಾಝಿನಲ್ಲಿ ತೆರೆದುಕೊಂಡರೆ ನಮಾಝೇ ಕೆಡುತ್ತದೆ. ಸೊಂಟದಿಂದ ಜಾರುವ ಜೀನ್ಸ್ ನಿಂತಾಗ ಏನೂ ತೋರಿಸುವುದಿಲ್ಲ. ಸುಜೂದ್‌ನಲ್ಲಿ ಷರ್ಟು ಮೇಲೆ ಸರಿದಾಗ ಹಿಂದಿನ ಸಾಲಿನವನು ತಲೆ ತಗ್ಗಿಸಬೇಕಾಗುತ್ತದೆ. ಜುಮಾದ ದಿನ ಇದನ್ನು ನೋಡಿ ನೊಂದುಕೊಂಡವರಲ್ಲಿ ನಾನೂ ಒಬ್ಬ. ಮೈಗೆ ಅಂಟಿಕೊಂಡು ಅಂಗಾಂಗದ ಆಕಾರವನ್ನೆಲ್ಲ ಎತ್ತಿ ತೋರಿಸುವ ಪ್ಯಾಂಟು ಚರ್ಮವನ್ನು ಮುಚ್ಚಿದ ಮಾತ್ರಕ್ಕೆ ಮರ್ಯಾದೆಯ ಉಡುಪಾಯಿತು ಎಂದು ನನಗೆ ಅನ್ನಿಸುವುದಿಲ್ಲ.

ತಮ್ಮನನ್ನು ಗದರಿಸಬೇಡಿ, ಅಂಗಡಿಗೆ ಕಳುಹಿಸಿ. ಹೊಕ್ಕುಳ ಮಟ್ಟದಲ್ಲಿ ನಿಲ್ಲುವ, ತೊಡೆಯಲ್ಲಿ ಸಡಿಲವಿರುವ ಪ್ಯಾಂಟನ್ನು ಚೆನ್ನಾಗಿ ಕಾಣುವಂತೆಯೇ ಹೊಲಿಯಬಹುದು. ಷರ್ಟಿನ ಹಿಂಭಾಗಕ್ಕೆ ಮೂರು ಇಂಚು ಹೆಚ್ಚು ಉದ್ದ ಕೊಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಆಟಕ್ಕೆ ಮಂಡಿ ದಾಟುವ ಸಡಿಲ ಚಡ್ಡಿ ಸಾಕು, ಅದರಲ್ಲಿ ಓಡಲು ಯಾವ ಅಡ್ಡಿಯೂ ಇಲ್ಲ. ನೆಹರೂ ಮೈದಾನದಲ್ಲಿ ಆಡುವ ಹುಡುಗರಿಗೆ ಅಂಥವನ್ನು ನಾನೇ ಹೊಲಿದು ಕೊಟ್ಟಿದ್ದೇನೆ.

ಮಗ ದುಬೈಯಿಂದ ರಜೆಗೆ ಬಂದಿದ್ದಾನೆ. ನಾನು ಮುಂಡು, ಉದ್ದ ತೋಳಿನ ಬಿಳಿ ಷರ್ಟು ತೊಟ್ಟು ಮಸೀದಿಗೆ ಹೊರಟರೆ 'ಇದು ಸುನ್ನತ್ ಅಲ್ಲ ಉಪ್ಪಾ, ಪ್ರವಾದಿಯವರ ಮಾದರಿಯಲ್ಲ, ಕಂದೂರ ತೊಡಿ' ಎಂದು ತಾನು ತಂದ ಉದ್ದ ನಿಲುವಂಗಿಯನ್ನು ಮುಂದೆ ಇಡುತ್ತಾನೆ. ಅರವತ್ತೆಂಟು ವರ್ಷ ಮುಂಡು ಉಟ್ಟವನು ನಾನು. ಏನು ಹೇಳಲಿ? – ಉಡುಪಿಯ ಹಿರಿಯ ಓದುಗರು

ಕಾಕಾ, ಮಗನ ಪ್ರೀತಿಯನ್ನು ಒಪ್ಪಿಕೊಳ್ಳಿ, ಕಂದೂರವನ್ನೂ ಒಂದು ದಿನ ತೊಡಿ. ಆದರೆ ನಿಮ್ಮ ಮುಂಡಿಗೆ ಯಾವ ಕೊರತೆಯೂ ಇಲ್ಲ.

ಪ್ರವಾದಿ(ಸ)ಯವರ ಉಡುಪಿನ ಬಗ್ಗೆ ಹದೀಸ್‌ಗಳಲ್ಲಿ, ಅಂದರೆ ಅವರ ನಡೆನುಡಿಯ ವರದಿಗಳಲ್ಲಿ, ಬರುವುದು ಒಂದೇ ಬಗೆಯ ಬಟ್ಟೆಯಲ್ಲ. ಅವರಿಗೆ ಬಹಳ ಇಷ್ಟವಾಗಿದ್ದುದು ಖಮೀಸ್, ಅಂದರೆ ಅಂಗಿ, ಎಂದು ಅವರ ಪತ್ನಿ ಉಮ್ಮು ಸಲಮಾ(ರ) ಹೇಳಿದ್ದಾರೆ. ಸೊಂಟಕ್ಕೆ ಇಝಾರ್, ಹೆಗಲಿಗೆ ರಿದಾ ಎಂಬ ಹೊಲಿಯದ ಎರಡು ಬಟ್ಟೆಗಳು ಆ ನಾಡಿನ ದಿನಬಳಕೆಯವು. ಇಝಾರ್ ಎಂದರೆ ಸೊಂಟಕ್ಕೆ ಸುತ್ತಿಕೊಳ್ಳುವ ಬಟ್ಟೆ. ನಿಮ್ಮ ಮುಂಡು ಮತ್ತೇನು? ಯಮನ್‌ನಿಂದ ಬಂದ ಗೆರೆಯ ಬಟ್ಟೆಯನ್ನು ಅವರು ಮೆಚ್ಚಿ ತೊಟ್ಟರು. ಪ್ರಯಾಣದಲ್ಲಿ ಶಾಮಿನ, ಅಂದರೆ ಸಿರಿಯಾ ಕಡೆಯ, ಜುಬ್ಬಾ ತೊಟ್ಟಿದ್ದಾಗ ಅದರ ತೋಳು ಬಿಗಿಯಾಗಿ ನಮಾಝಿಗೆ ಮೊದಲು ಕೈಕಾಲು ತೊಳೆಯುವ ವುಝೂ ಮಾಡಲು ಮೇಲಕ್ಕೆ ಸರಿಯಲಿಲ್ಲವಂತೆ. ಕೈಗಳನ್ನು ಒಳಗೆ ಎಳೆದುಕೊಂಡು ಜುಬ್ಬಾದ ಕೆಳಗಿನಿಂದ ಹೊರತೆಗೆದು ತೊಳೆದುಕೊಂಡರು ಎಂದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ತೋಳಿನ ಪಟ್ಟಿ ಹೊಲಿಯುವಾಗ ನನಗೆ ಆಗಾಗ ಈ ಪ್ರಸಂಗ ನೆನಪಾಗುತ್ತದೆ, ಮೊಣಕೈಯವರೆಗೆ ಸರಾಗವಾಗಿ ಮಡಚಲು ಬರುವಷ್ಟು ಅಗಲ ಬಿಟ್ಟೇ ಹೊಲಿಯುತ್ತೇನೆ.

ಕಂದೂರವೂ ಒಂದು ನಾಡಿನ ಉಡುಪೇ. ಎಮಿರೇಟ್ಸ್‌ನವರದಕ್ಕೆ ಕಾಲರ್ ಇಲ್ಲ, ಕುತ್ತಿಗೆಯಿಂದ ಉದ್ದನೆಯ ಗೊಂಡೆ ಇಳಿಬಿದ್ದಿರುತ್ತದೆ. ಒಮಾನಿನವರು ಪುಟ್ಟ ಗೊಂಡೆ ಇಟ್ಟು ಅದನ್ನು ಅತ್ತರಿನಲ್ಲಿ ಅದ್ದುತ್ತಾರೆ. ಸೌದಿಯವರ ನಿಲುವಂಗಿಯಾದ ತೋಬಿಗೆ ಗಟ್ಟಿ ಕಾಲರ್, ತೋಳಿಗೆ ಷರ್ಟಿನಂತೆ ಕಫ್. ಅಷ್ಟು ಹತ್ತಿರದ ನಾಡುಗಳಲ್ಲೇ ಇಷ್ಟು ಬೇರೆ ಇರುವಾಗ ನಮ್ಮ ಕರಾವಳಿಗೆ ಅದರದೇ ಆದ ಉಡುಪು ಇರುವುದರಲ್ಲಿ ಏನು ತಪ್ಪು? ಮಲಬಾರಿನ ಮಾಪ್ಪಿಳ್ಳೆಯವರು ಮುಂಡಿನ ತುದಿಯನ್ನು ಎಡಕ್ಕೆ ಸಿಕ್ಕಿಸುವುದು ಪ್ರಸಿದ್ಧ, ನನ್ನ ತಂದೆಯೂ ಎಡಕ್ಕೇ ಸಿಕ್ಕಿಸುತ್ತಿದ್ದರು. ಭಟ್ಕಳದ ನವಾಯತರಿಗೆ ಲುಂಗಿ ಇಂದಿಗೂ ಮನೆಯ ಉಡುಪು. ಲುಂಗಿಯ ಎರಡು ತುದಿ ಸೇರಿಸಿ ಕೊಳವೆಯಂತೆ ಹೊಲಿದು ಉಡುವುದು ನಮ್ಮಲ್ಲಿ ಹಳೆಯ ರೂಢಿ. ಗಾಳಿಗೆ ತೆರೆದುಕೊಳ್ಳಬಾರದು, ಕೂತು ಏಳುವಾಗ ತೊಡೆ ಕಾಣಬಾರದು ಎಂಬ ಎಚ್ಚರ ಆ ಒಂದು ಹೊಲಿಗೆಯಲ್ಲಿದೆ.

ಆದರೆ ಮುಂಡು ಉಡುವವರಿಗೂ ಎರಡು ಮಾತು ಹೇಳಬೇಕು. ಮೊದಲನೆಯದು ಬಟ್ಟೆಯ ದಪ್ಪ. ಒಂಟಿ ಮುಂಡು ಹೆಚ್ಚಾಗಿ ತೆಳ್ಳಗೆ, ಬೆಳಕಿಗೆ ಎದುರಾಗಿ ನಿಂತರೆ ಕಾಲು ಕಾಣುತ್ತದೆ. ಕೊಳ್ಳುವಾಗ ಅಂಗಡಿಯ ಬಾಗಿಲಿಗೆ ತಂದು ಬಟ್ಟೆಯ ಹಿಂದೆ ಅಂಗೈ ಇಟ್ಟು ನೋಡಿ. ಚರ್ಮದ ಬಣ್ಣ ತಿಳಿದರೆ ಆ ಬಟ್ಟೆ ನಮಾಝಿಗೆ ಸಾಲದು, ಡಬಲ್ ಮುಂಡು ಕೊಳ್ಳಿ. ಎರಡನೆಯದು ನಮ್ಮ ಊರಿನ ಅಭ್ಯಾಸ, ನಡೆಯುವಾಗ ಮುಂಡನ್ನು ಮಡಚಿ ಮಂಡಿಯ ಮೇಲಕ್ಕೆ ಕಟ್ಟುವುದು. ಗದ್ದೆಯಲ್ಲಿ, ದೋಣಿಯಲ್ಲಿ ಕೆಲಸ ಮಾಡುವವರಿಗೆ ಬೇರೆ ದಾರಿ ಇರಲಿಲ್ಲ ಎನ್ನೋಣ. ರಸ್ತೆಯಲ್ಲಿ ಹರಟೆ ಹೊಡೆಯುತ್ತ ನಿಂತವರು ಅದನ್ನು ಇಳಿಸಿಕೊಳ್ಳಬಹುದು.

ಮಗನಿಗೆ ಇನ್ನೊಂದು ವಿಷಯ ತಿಳಿಸಿ. ಕೊಲ್ಲಿಯಲ್ಲಿ ಕಂದೂರಕ್ಕೆ ಬಳಸುವ ಒಳ್ಳೆಯ ಬಟ್ಟೆಗಳಲ್ಲಿ ಎಷ್ಟೋ ಜಪಾನಿನಿಂದ ಬರುವ ಪಾಲಿಯೆಸ್ಟರ್. ಅಲ್ಲಿನ ಹವಾನಿಯಂತ್ರಿತ ಕೋಣೆಗಳಿಗೆ ಅದು ಸರಿ. ಉಡುಪಿಯ ಮೇ ತಿಂಗಳ ಬೆವರಿಗೆ ಅದು ಬೆನ್ನಿಗೆ ಅಂಟಿಕೊಂಡು ಒಳಗಿನ ಬನಿಯನ್ನೂ ತೋರಿಸುತ್ತದೆ. ಕಂದೂರದ ಕಟ್ ಇಷ್ಟವಾದರೆ ಹತ್ತಿಯಲ್ಲಿ ಹೊಲಿಸಲಿ.

ಮಗನ ನಿಕಾಹ್‌ಗೆ ಸೊಸೆಯ ಮನೆಯವರು ರೇಷ್ಮೆಯ ಶೇರ್ವಾನಿ ಬಟ್ಟೆ ಕೊಡಿಸಿದ್ದಾರೆ. ಗಂಡಸರು ರೇಷ್ಮೆ ತೊಡಬಾರದು ಎಂದು ನನ್ನ ಉಮ್ಮ ಹೇಳುತ್ತಿದ್ದರು. ಹಿಂದಿರುಗಿಸಿದರೆ ಅವರಿಗೆ ಬೇಸರವಾದೀತು. ಏನು ಮಾಡಲಿ? – ಕಾಪುವಿನ ಓದುಗಾರ್ತಿ

ಹಿಂದಿರುಗಿಸುವ ಮೊದಲು ಅದು ರೇಷ್ಮೆಯೇ ಎಂದು ನೋಡಿ. ಮಾರುಕಟ್ಟೆಯಲ್ಲಿ ರೇಷ್ಮೆ ಎಂದು ಕರೆಯುವ ಶೇರ್ವಾನಿ ಬಟ್ಟೆಗಳಲ್ಲಿ ಬಹಳಷ್ಟು ರೇಷ್ಮೆಯೇ ಅಲ್ಲ. ಅಂಚಿನಿಂದ ಎರಡು ನೂಲು ಎಳೆಯಿರಿ, ಒಂದು ಅಡ್ಡ, ಒಂದು ಉದ್ದ. ಇಕ್ಕಳದಲ್ಲಿ ಹಿಡಿದು ನೀರಿನ ತಟ್ಟೆಯ ಮೇಲೆ ಬೆಂಕಿ ತಾಗಿಸಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆರಳಲ್ಲಿ ಉಜ್ಜಿದರೆ ಕಪ್ಪು ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕಾಗದ ಸುಟ್ಟ ವಾಸನೆ ಬಂದರೆ ಅದು ರೇಯಾನ್ ಅಥವಾ ಹತ್ತಿ. ಎರಡೂ ನೂಲುಗಳನ್ನು ಬೇರೆ ಬೇರೆಯಾಗಿ ಸುಡಬೇಕು, ಯಾಕೆಂದರೆ ಹಾಸು ಒಂದು, ಹೊಕ್ಕು ಇನ್ನೊಂದು ಆಗಿರಬಹುದು.

ಹಾಸುಹೊಕ್ಕಿನ ಈ ಲೆಕ್ಕ ನಮ್ಮ ಹಿರಿಯ ವಿದ್ವಾಂಸರಿಗೂ ಗೊತ್ತಿತ್ತು. ಅಪ್ಪಟ ರೇಷ್ಮೆ ಗಂಡಸರಿಗೆ ನಿಷಿದ್ಧ, ನಿಮ್ಮ ಉಮ್ಮ ಹೇಳಿದ್ದು ಸರಿ. ಮೈತುರಿಕೆಯಿಂದ ನರಳುತ್ತಿದ್ದ ಇಬ್ಬರು ಸಹಾಬಿಗಳಿಗೆ, ಅಂದರೆ ತಮ್ಮ ಒಡನಾಡಿಗಳಿಗೆ, ಮಾತ್ರ ಪ್ರವಾದಿ(ಸ) ರಿಯಾಯಿತಿ ಕೊಟ್ಟ ಪ್ರಸಂಗ ಹದೀಸ್‌ನಲ್ಲಿದೆ. ಮಿಶ್ರಣವಾದರೆ ಶಾಫಿಈ ಕ್ರಮದಲ್ಲಿ ತೂಕ ನೋಡುತ್ತಾರೆ, ರೇಷ್ಮೆಯ ತೂಕ ಹೆಚ್ಚಿರಬಾರದು. ಹನಫಿ ಕ್ರಮದಲ್ಲಿ ಹಾಸು ರೇಷ್ಮೆಯಾಗಿದ್ದು ಹೊಕ್ಕು ಬೇರೆಯಾದರೆ ಒಪ್ಪುತ್ತಾರೆ. ಗುಜರಾತಿನ ಪಾಟಣದಲ್ಲಿ ನೇಯುವ ಮಶ್ರೂ ಎಂಬ ಬಟ್ಟೆಗೆ ಆ ಹೆಸರು ಬಂದದ್ದೇ ಹೀಗೆ. ಮಶ್ರೂ ಎಂದರೆ ಶರೀಅತ್ ಒಪ್ಪಿದ್ದು ಎಂದು ಅರ್ಥ. ಹೊರಮೈಗೆ ರೇಷ್ಮೆಯ ಹೊಳಪು, ಮೈಗೆ ತಾಗುವ ಒಳಮೈಗೆ ಹತ್ತಿ. ನನ್ನ ತಂದೆ ಅದರ ಒಂದು ತುಂಡನ್ನು ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು, ಕೆಂಪು ಹಳದಿ ಗೆರೆಯದು. ತಿರುವಿ ತಿರುವಿ ತೋರಿಸಿ 'ನೇಯ್ದವನ ಜಾಣ್ಮೆ ನೋಡು' ಎನ್ನುತ್ತಿದ್ದರು. ಆ ತುಂಡು ಈಗ ನನ್ನ ಬಳಿ ಇದೆ.

ನಿಮ್ಮದು ಅಪ್ಪಟ ರೇಷ್ಮೆಯೇ ಆಗಿದ್ದರೂ ದಾರಿಯುಂಟು. ಅಂಚಿನಲ್ಲಿ ನಾಲ್ಕು ಬೆರಳಿನ ಅಗಲದವರೆಗೆ ರೇಷ್ಮೆ ಇರಬಹುದು ಎಂದು ಖಲೀಫ ಉಮರ್(ರ) ತಿಳಿಸಿದ ಹದೀಸ್ ಇದೆ. ಬೆಣ್ಣೆಯ ಬಣ್ಣದ ಹತ್ತಿಯಲ್ಲೋ ಲಿನನ್‌ನಲ್ಲೋ ಶೇರ್ವಾನಿ ಹೊಲಿಸಿ. ಕಾಲರ್‌ಗೆ ಮತ್ತು ತೋಳಿನ ತುದಿಗೆ ಅವರು ಕೊಟ್ಟ ಬಟ್ಟೆಯ ಪಟ್ಟಿ ಹಚ್ಚೋಣ, ನಾಲ್ಕು ಬೆರಳು ಮೀರದಂತೆ. ಉಳಿದದ್ದರಲ್ಲಿ ಸೊಸೆಗೆ ರವಿಕೆಯಾಗುತ್ತದೆ, ಹೆಂಗಸರಿಗೆ ರೇಷ್ಮೆಗೆ ಅಡ್ಡಿಯಿಲ್ಲ. ಇಬ್ಬರ ಬಟ್ಟೆಯೂ ಒಂದಕ್ಕೊಂದು ಹೊಂದುತ್ತದೆ, ಬೀಗರಿಗೂ ಸಂತೋಷವಾಗುತ್ತದೆ. ಚಿನ್ನದ ಉಂಗುರದ ಮಾತು ಬಂದರೆ ಈಗಲೇ ಹೇಳಿಬಿಡಿ, ಬೆಳ್ಳಿಯದು ಸಾಕು.

ಪ್ಯಾಂಟು ಹರಡುಗಂಟಿನ ಕೆಳಗೆ ಇಳಿಯಬಾರದೇ? ನನ್ನ ಗೆಳೆಯ ನಮಾಝಿನ ಹೊತ್ತಿಗೆ ಮಾತ್ರ ಮಡಚುತ್ತಾನೆ. – ಪಡುಬಿದ್ರಿಯ ವಿದ್ಯಾರ್ಥಿ

ಜಂಬದಿಂದ ಬಟ್ಟೆ ಎಳೆದುಕೊಂಡು ನಡೆಯುವುದನ್ನು ಪ್ರವಾದಿ(ಸ) ಕಟುವಾಗಿ ಖಂಡಿಸಿದ್ದಾರೆ. ನನ್ನ ಇಝಾರ್‌ನ ಒಂದು ಬದಿ ತಾನಾಗಿ ಜಾರುತ್ತದೆಯಲ್ಲ ಎಂದು ಒಡನಾಡಿ ಅಬೂಬಕರ್(ರ) ಕೇಳಿದಾಗ, ನೀವು ಜಂಬಕ್ಕೆ ಹಾಗೆ ಮಾಡುವವರಲ್ಲ ಎಂದೂ ಹೇಳಿದ್ದಾರೆ. ಇವೆರಡನ್ನೂ ಇಟ್ಟುಕೊಂಡು ವಿದ್ವಾಂಸರು ಭಿನ್ನವಾಗಿ ಮಾತಾಡಿದ್ದಾರೆ. ಜಂಬವಿಲ್ಲದಿದ್ದರೂ ಬೇಡ ಎನ್ನುವವರಿದ್ದಾರೆ. ನನ್ನ ಕೈಯ ಅಭ್ಯಾಸ ಹರಡುಗಂಟಿನ ಮೇಲೆ ಎರಡು ಬೆರಳು. ದಿನಕ್ಕೆ ಐದು ಸಲ ಮಡಚಿ ಬಿಚ್ಚುವುದಕ್ಕಿಂತ ಒಮ್ಮೆ ಸರಿಯಾಗಿ ಹೊಲಿಸುವುದು ಸುಲಭ. ಆಷಾಢದ ಮಳೆಯಲ್ಲಿ ಕೆಸರೂ ಹತ್ತುವುದಿಲ್ಲ. ನೀವು ಇನ್ನೂ ಬೆಳೆಯುವ ವಯಸ್ಸಿನವರಾದರೆ ಒಳಗೆ ಎರಡು ಇಂಚು ಮಡಿಕೆ ಬಿಡಲು ಟೈಲರ್‌ಗೆ ಹೇಳಿ.

ಅಜ್ಜನ ಹಳೆಯ ಫೋಟೋದಲ್ಲಿ ತಲೆಯ ಮೇಲೆ ಎತ್ತರದ ಟೊಪ್ಪಿ, ಅದಕ್ಕೆ ಕಪ್ಪು ಗೊಂಡೆ. ಪೆಟ್ಟಿಗೆಯಲ್ಲಿ ಆ ಟೊಪ್ಪಿಯೂ ಸಿಕ್ಕಿತು, ಕೆಂಪು ಬಣ್ಣದ್ದು. ಈಗ ಯಾರೂ ತೊಡುವುದಿಲ್ಲವಲ್ಲ? – ಉಡುಪಿಯ ಕಾಲೇಜು ವಿದ್ಯಾರ್ಥಿನಿ

ನಿಮ್ಮ ಪತ್ರ ಓದಿ ನನ್ನ ಅಜ್ಜನ ಮುಖ ಕಣ್ಣ ಮುಂದೆ ಬಂತು. ಅವರೂ ಅಂಥದನ್ನೇ ತೊಟ್ಟು ಝೀನತ್ ಬಕ್ಷ್ ಜುಮಾ ಮಸೀದಿಗೆ ಹೋಗುತ್ತಿದ್ದರು. ನಮ್ಮಲ್ಲಿ ತುರ್ಕಿ ಟೊಪ್ಪಿ ಎನ್ನುತ್ತಾರೆ, ಹೈದರಾಬಾದಿನವರು ರೂಮಿ ಟೊಪ್ಪಿ ಎನ್ನುತ್ತಾರೆ. ಹೊರಗೆ ಫೆಝ್ ಎಂಬ ಹೆಸರು, ಮೊರಾಕ್ಕೋದ ಊರೊಂದರಿಂದ ಬಂದದ್ದು. ಒಟ್ಟೋಮನ್ ಸುಲ್ತಾನ ಎರಡನೇ ಮಹಮೂದ್ 1829ರಲ್ಲಿ ಪೇಟದ ಬದಲು ಇದನ್ನೇ ಅಧಿಕಾರಿಗಳ ಟೊಪ್ಪಿಯಾಗಿ ಮಾಡಿದ. 1925ರಲ್ಲಿ ಅದೇ ತುರ್ಕಿಯಲ್ಲಿ ಅದನ್ನು ನಿಷೇಧಿಸಲಾಯಿತು. ಈ ನಡುವೆ 1919ರಿಂದ ತುರ್ಕಿಯ ಖಲೀಫರ ಪರವಾಗಿ ನಡೆದ ಖಿಲಾಫತ್ ಚಳವಳಿಯ ವರ್ಷಗಳಲ್ಲಿ ಅದು ಭಾರತದ ಮುಸ್ಲಿಮರ ತಲೆಯ ಮೇಲೆ ಒಂದು ಅಭಿಮಾನದ ಗುರುತಾಗಿತ್ತು. ಅದನ್ನು ಅಧಿಕಾರದ ಟೊಪ್ಪಿಯಾಗಿಸಿದ ಸಾಮ್ರಾಜ್ಯ ಹೋದ ಮೇಲೂ ನಮ್ಮ ಅಜ್ಜಂದಿರು ಅದನ್ನು ಬಿಡಲಿಲ್ಲ.

ಟೊಪ್ಪಿಯನ್ನು ದಯವಿಟ್ಟು ನೀರಿನಲ್ಲಿ ತೊಳೆಯಬೇಡಿ. ಅದು ಉಣ್ಣೆಯನ್ನು ಒತ್ತಿ ಅಚ್ಚಿಗೆ ಹಾಕಿ ಮಾಡಿದ್ದು, ನೆನೆದರೆ ಆಕಾರ ಕುಸಿಯುತ್ತದೆ, ಕೆಂಪು ಬಣ್ಣ ಗೊಂಡೆಗೂ ಹತ್ತುತ್ತದೆ. ಮೃದುವಾದ ಬ್ರಷ್‌ನಿಂದ ಒಂದೇ ದಿಕ್ಕಿಗೆ ಧೂಳು ತೆಗೆಯಿರಿ. ಒಳಗೆ ಹಳೆಯ ಹತ್ತಿ ಬಟ್ಟೆ ತುಂಬಿ ನೆಟ್ಟಗೆ ನಿಲ್ಲಿಸಿ. ನಮ್ಮ ಮಳೆಗಾಲಕ್ಕೆ ಬೂಸ್ಟು ಹಿಡಿಯುವುದು ಖಂಡಿತ, ಹಾಗಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಬಟ್ಟೆಯ ಚೀಲದಲ್ಲಿ ಒಣ ಬೇವಿನೆಲೆಯೊಂದಿಗೆ ಇಟ್ಟು ಬಿಸಿಲಿರುವ ದಿನ ನೆರಳಿನಲ್ಲಿ ಗಾಳಿಗೆ ಹಿಡಿಯಿರಿ. ಮನೆಯಲ್ಲಿ ಯಾರಾದರೂ ಹಬ್ಬದ ದಿನ ತೊಡಲಿ, ಅದರಲ್ಲಿ ಸಂಕೋಚಪಡುವುದು ಏನೂ ಇಲ್ಲ.

ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಈದ್‌ಗೆ ಮನೆಗೆ ಕರೆದಿದ್ದಾರೆ. ಅವರಿಗೆ ಬಟ್ಟೆ ಉಡುಗೊರೆ ಕೊಡಬೇಕೆಂದಿದ್ದೇನೆ. ನಾನು ಹಿಂದೂ, ತಪ್ಪಾಗಬಾರದು. ಏನು ಕೊಡಲಿ? – ಮಣಿಪಾಲದ ಶಿಕ್ಷಕಿ

ಬಿಳಿ ಹತ್ತಿ ಬಟ್ಟೆ ಕೊಡಿ ಅಮ್ಮಾ, ಅದಕ್ಕಿಂತ ಒಳ್ಳೆಯದಿಲ್ಲ. ಬಿಳಿಯನ್ನು ತೊಡಿ ಎಂಬ ಹದೀಸ್ ಇರುವುದರಿಂದ ನಮ್ಮವರಿಗೆ ಆ ಬಣ್ಣದ ಮೇಲೆ ವಿಶೇಷ ಮಮತೆ. ಕುರ್ತಾಕ್ಕೆ ಮೂರು ಮೀಟರ್ ಕೊಟ್ಟರೆ ಎತ್ತರದವರಿಗೂ ಸಾಕು, ಅವರೇ ಹೊಲಿಸಿಕೊಳ್ಳುತ್ತಾರೆ. ರೇಷ್ಮೆ ಮಾತ್ರ ಬೇಡ, ಕಾರಣ ಮೇಲೆಯೇ ಇದೆ. ಟೊಪ್ಪಿ ಕೊಡುವ ಮನಸ್ಸಿದ್ದರೆ ಹೆಣಿಗೆಯದು ಆರಿಸಿ, ಎಲ್ಲ ತಲೆಗೂ ಸ್ವಲ್ಪ ಹಿಗ್ಗುತ್ತದೆ. ಒಮಾನಿನ ಕುಮ್ಮ ಟೊಪ್ಪಿ ಬಹಳ ಚೆಂದ, ಸಣ್ಣ ಸಣ್ಣ ತೂತುಗಳ ಸುತ್ತ ಕೈಕಸೂತಿ ಇರುತ್ತದೆ. ಆದರೆ ಅದು ಹಿಗ್ಗುವುದಿಲ್ಲ, ತಲೆಯ ಸುತ್ತಳತೆ ಗೊತ್ತಿರಬೇಕು. ಟೊಪ್ಪಿ ಕಡ್ಡಾಯವಲ್ಲ, ಅದು ಶಿಷ್ಟಾಚಾರ. ಕೊಟ್ಟವರು ನೀವೆಂದು ಅವರು ಪ್ರೀತಿಯಿಂದಲೇ ತೊಡುತ್ತಾರೆ.

ಮಕ್ಕಾದ ಉಮ್ರಾ ಯಾತ್ರೆಗೆ ಮೊದಲ ಸಲ ಹೊರಟಿದ್ದೇನೆ. ಯಾತ್ರಿಕರು ಉಡುವ ಇಹ್ರಾಮ್ ಬಟ್ಟೆ ಬಿಚ್ಚಿಹೋಗುವ ಭಯವಿದೆ. ಯಾವ ಬಟ್ಟೆ, ಎಷ್ಟು ಅಳತೆ, ಹೇಗೆ ಕಟ್ಟಬೇಕು? – ಉಳ್ಳಾಲದ ಓದುಗರು

ಈ ಭಯ ಎಲ್ಲರಿಗೂ ಇರುತ್ತದೆ, ಯಾಕೆಂದರೆ ಹೊಲಿದ ಬಟ್ಟೆ ಒಳಗೂ ಇರುವಂತಿಲ್ಲ. ಇರುವುದು ಎರಡೇ ತುಂಡು, ಸೊಂಟಕ್ಕೊಂದು, ಹೆಗಲಿಗೊಂದು. ಆದ್ದರಿಂದ ಕೆಳಗಿನ ಬಟ್ಟೆ ಅಗಲವಾಗಿರಲಿ. ಎರಡೂವರೆ ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲ ಇದ್ದರೆ ಸಾಮಾನ್ಯ ಮೈಕಟ್ಟಿಗೆ ಸುತ್ತು ಒಂದರ ಮೇಲೊಂದು ಚೆನ್ನಾಗಿ ಬರುತ್ತದೆ. ಟವೆಲ್‌ನಂಥದು ಜಾರುವುದಿಲ್ಲ, ಆದರೆ ಸೆಕೆಗೆ ಭಾರ. ಬೇಸಗೆಯಲ್ಲಿ ಹೋಗುವುದಾದರೆ ದಪ್ಪ ನೂಲಿನ ಹತ್ತಿ ಬಟ್ಟೆ ಕೊಳ್ಳಿ. ತರುವ ಮೊದಲು ಅಂಗೈ ಪರೀಕ್ಷೆ ಮರೆಯಬೇಡಿ. ಮನೆಯಲ್ಲಿ ಎರಡು ಸಲ ಒಗೆದರೆ ಗಂಜಿ ಹೋಗಿ ಬಟ್ಟೆ ಮೈಗೆ ಕೂರುತ್ತದೆ.

ಕಟ್ಟುವಾಗ ಕಾಲುಗಳನ್ನು ಒಂದು ಹೆಜ್ಜೆಯಷ್ಟು ಅಗಲಿಸಿ ನಿಲ್ಲಿ. ಕಾಲು ಜೋಡಿಸಿ ಕಟ್ಟಿದರೆ ನಡೆಯುವಾಗ ಬಿಗಿಯುತ್ತದೆ, ಇಲ್ಲವೇ ತೆರೆದುಕೊಳ್ಳುತ್ತದೆ. ಹೊಕ್ಕುಳ ಮೇಲಕ್ಕೆ ಬಟ್ಟೆ ತಂದು, ಒಂದು ತುದಿಯನ್ನು ಎದುರು ಪಕ್ಕೆಯವರೆಗೆ ಎಳೆದು, ಇನ್ನೊಂದನ್ನು ಅದರ ಮೇಲೆ ತಂದು, ಮೇಲಿನ ಅಂಚನ್ನು ಎರಡು ಮೂರು ಸಲ ಹೊರಕ್ಕೆ ಸುರುಳಿ ಸುತ್ತಿ. ಅದರ ಮೇಲೆ ಹಣದ ಬೆಲ್ಟ್ ಬಿಗಿಯಿರಿ, ಬೆಲ್ಟ್‌ಗೆ ಅನುಮತಿ ಇದೆ. ಉಟ್ಟುಕೊಂಡು ಮೆಟ್ಟಿಲು ಹತ್ತಿ ಇಳಿಯಿರಿ, ನೆಲಕ್ಕೆ ಕುಳಿತು ಏಳಿ, ಎರಡು ರಕಅತ್ ನಮಾಝ್ ಮಾಡಿ. ಹೆಗಲಿನ ಬಟ್ಟೆ ಕಅಬಾಕ್ಕೆ ಸುತ್ತು ಬರುವ ತವಾಫ್‌ನಲ್ಲಿ ಬಲಗಂಕುಳಿನ ಕೆಳಗಿನಿಂದ ಬಂದು ಎಡಹೆಗಲ ಮೇಲೆ ಇರುತ್ತದೆ. ತವಾಫ್ ಮುಗಿಸಿ ನಮಾಝಿಗೆ ನಿಲ್ಲುವಾಗ ಎರಡೂ ಹೆಗಲು ಮುಚ್ಚಿಕೊಳ್ಳಿ. ತಲೆಗೆ ಏನೂ ಇಲ್ಲ. ಕಾಲಿಗೆ ಹವಾಯಿ ಚಪ್ಪಲಿ ಸಾಕು.

ನೇರವಾಗಿ ಜಿದ್ದಾಕ್ಕೆ ಹೋಗುವ ವಿಮಾನವಾದರೆ ಇಹ್ರಾಮ್ ಇಲ್ಲದೆ ದಾಟಬಾರದ ಮೀಖಾತ್‌ನ ಗಡಿ ಆಕಾಶದಲ್ಲೇ ದಾಟಿ ಹೋಗುತ್ತದೆ. ಹಾಗಾಗಿ ಮನೆಯಲ್ಲೇ ಅಥವಾ ವಿಮಾನ ನಿಲ್ದಾಣದಲ್ಲೇ ಉಟ್ಟುಕೊಂಡಿರಬೇಕು. ಹೊರಡುವ ವಾರ ಬಟ್ಟೆ ತೆಗೆದುಕೊಂಡು ಅಂಗಡಿಗೆ ಬನ್ನಿ. ಇಳಿಹೊತ್ತಿನ ಅಸರ್ ನಮಾಝ್ ಮುಗಿದ ಮೇಲೆ ಗಿರಾಕಿಗಳು ಕಡಿಮೆ, ಚಾಪೆಯ ಮೇಲೆ ನಿಲ್ಲಿಸಿ ನಾನೇ ಕಟ್ಟಿ ತೋರಿಸುತ್ತೇನೆ. ಹೊಲಿಗೆಯೇ ಇಲ್ಲದ ಬಟ್ಟೆ ಅದು, ಕೂಲಿ ತೆಗೆದುಕೊಳ್ಳುವುದಿಲ್ಲ.